ಗೋವಾದ ಬಿಸಿಲಿಗೆ ಮೈಲ್ಡಾ, ಸ್ಟ್ರಾಂಗಾ, ಗೋಧಿ ಬಿಯರಾ?

ಗೋವಾದ ಮಧ್ಯಾಹ್ನದ ಊಟಕ್ಕೆ ನನ್ನ ಓಟು ಮೈಲ್ಡ್ ಬಿಯರ್‌ಗೆ, ಅದೂ 330 ಎಂಎಲ್ ಪಿಂಟ್‌ಗೆ. ಕಿಂಗ್‌ಫಿಷರ್ ಪ್ರೀಮಿಯಂ ಸಿಕ್ಕರೆ ಬೇರೆ ಹುಡುಕುವುದಿಲ್ಲ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಶನಿವಾರ ಇಳಿಯುವ ನಮ್ಮವರು ಮಾತ್ರ ಕೌಂಟರಿನಲ್ಲಿ ಕೇಳುವುದು ಹೆಚ್ಚಾಗಿ ಸ್ಟ್ರಾಂಗನ್ನೇ. ಬಾಟಲಿ ಅಷ್ಟೇ ದೊಡ್ಡದು, ಕಿಕ್ ಜಾಸ್ತಿ ಎಂಬುದು ಅವರ ಲೆಕ್ಕ.

ಆ ಲೆಕ್ಕವನ್ನು ಪೂರ್ತಿ ಹಾಕಿ ನೋಡಿ. ಭಾರತದ ಆಹಾರ ಸುರಕ್ಷತಾ ನಿಯಮದಲ್ಲಿ ಆಲ್ಕೋಹಾಲ್ 5% ವರೆಗಿನದು ಮೈಲ್ಡ್, ಅದಕ್ಕಿಂತ ಮೇಲೆ 8% ವರೆಗಿನದು ಸ್ಟ್ರಾಂಗ್. ಸ್ಟ್ರಾಂಗ್ ಲೇಬಲ್ಲಿನ ಮೇಲೆ ಸಾಮಾನ್ಯವಾಗಿ ಕಾಣುವುದು ‘8% ಮೀರದು’ ಎಂಬ ಮಿತಿ. ಒಳಗೆ ನಿಖರವಾಗಿ ಎಷ್ಟಿದೆ ಎಂದು ಅದರಿಂದ ತಿಳಿಯದು. ಹಾಗಾಗಿ 8 ಎಂದೇ ಹಿಡಿಯಬೇಕು. 650 ಎಂಎಲ್ ಸ್ಟ್ರಾಂಗಿನಲ್ಲಿ 52 ಎಂಎಲ್ ಶುದ್ಧ ಆಲ್ಕೋಹಾಲ್, ಅಂದರೆ ಸುಮಾರು 41 ಗ್ರಾಂ. 42.8% ವಿಸ್ಕಿಯ 30 ಎಂಎಲ್ ಪೆಗ್ಗಿನಲ್ಲಿ ಇರುವುದು 10 ಗ್ರಾಂ. ಒಂದು ಸ್ಟ್ರಾಂಗ್ ಬಾಟಲಿ ಎಂದರೆ ನಾಲ್ಕು ಪೆಗ್. 4.8% ಮೈಲ್ಡಿನ ದೊಡ್ಡ ಬಾಟಲಿಯಲ್ಲಿ ಸುಮಾರು 25 ಗ್ರಾಂ, ಪಿಂಟ್‌ನಲ್ಲಿ ಅದರ ಅರ್ಧ. ‘ಬರೀ ಬಿಯರ್ ತಾನೇ’ ಎಂದು ಬಾಡಿಗೆ ಸ್ಕೂಟರ್ ಹತ್ತುವವರು ಇದನ್ನು ಗಮನಿಸಲೇಬೇಕು. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. 70 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದೇ ಪಿಂಟ್ ಕುಡಿದರೂ ಆ ಗೆರೆಯ ಹತ್ತಿರ ಬರುತ್ತಾನೆ. ಬಿಯರ್ ಯಾವುದಾದರೂ ಸರಿ, ಸ್ಕೂಟರ್ ಕೀಲಿ ಮುಟ್ಟಬೇಡಿ.

ಈಗ ಗ್ಲಿಸರಿನ್ ವಿಷಯ. ಬಿಯರ್‌ಗೆ ಗ್ಲಿಸರಿನ್ ಬೆರೆಸಿರುತ್ತಾರೆ, ಅದನ್ನು ಇಳಿಸಿಯೇ ಕುಡಿಯಬೇಕು ಎಂಬ ನಂಬಿಕೆ ಹಲವರಿಗಿದೆ. ಕಡಲ ದಂಡೆಯ ಶ್ಯಾಕ್‌ಗಳ ಟೇಬಲ್ಲಿನ ಮೇಲೆ ನೀರಿನ ಗ್ಲಾಸಿಗೆ ಬಾಟಲಿಯನ್ನು ತಲೆಕೆಳಗಾಗಿಸಿ, ‘ನೋಡು, ಗ್ಲಿಸರಿನ್ ಇಳೀತಿದೆ’ ಎನ್ನುವ ಪದ್ಧತಿಯೊಂದಿದೆ. ಹಳದಿ ಎಳೆಯೊಂದು ಬಾಟಲಿ ಬಾಯಿಂದ ಗ್ಲಾಸಿನ ತಳಕ್ಕೆ ಇಳಿಯುವುದು ಕಣ್ಣಿಗೆ ಕಾಣುತ್ತದೆ, ಸುಳ್ಳಲ್ಲ. ಆದರೆ ಇಳಿಯುತ್ತಿರುವುದು ಬಿಯರೇ. ಹುದುಗದೆ ಉಳಿದ ಸಕ್ಕರೆ ಅಂಶ ಇರುವುದರಿಂದ ಬಿಯರ್ ನೀರಿಗಿಂತ ತುಸು ಭಾರ. ಭಾರವಾದದ್ದು ಕೆಳಗಿಳಿಯುತ್ತದೆ, ಆ ಜಾಗಕ್ಕೆ ಗ್ಲಾಸಿನ ನೀರು ಮೇಲೇರುತ್ತದೆ. ಹುದುಗುವಾಗ ಯೀಸ್ಟ್ ತಾನೇ ಸ್ವಲ್ಪ ಗ್ಲಿಸರಾಲ್ (ಗ್ಲಿಸರಿನ್ನೇ) ಹುಟ್ಟಿಸುವುದು ನಿಜ, ಲೀಟರಿಗೆ ಒಂದೆರಡು ಗ್ರಾಂ. ಅದು ನೀರಿನಲ್ಲಿ ಪೂರ್ತಿ ಕರಗುವ ವಸ್ತು. ಬಾಟಲಿಯಲ್ಲಿ ಬೇರೆಯಾಗಿ ನಿಂತು ಹೊರಗೆ ಸುರಿಯಲು ಸಾಧ್ಯವಿಲ್ಲ.

ನಂಬಿಕೆ ಬರದಿದ್ದರೆ ಖಾಲಿ ಬಾಟಲಿಗೆ ಬೆಲ್ಲದ ನೀರು ತುಂಬಿ, ಬಾಯಿಗೆ ಬೆರಳಿಟ್ಟು ತಿರುಗಿಸಿ, ನೀರಿನೊಳಗೆ ಬೆರಳು ತೆಗೆಯಿರಿ. ಅಂಥದೇ ಎಳೆ ಇಳಿಯುತ್ತದೆ. ಬೆಲ್ಲದ ನೀರಿಗೆ ಗ್ಲಿಸರಿನ್ ಯಾರೂ ಹಾಕಿರುವುದಿಲ್ಲ. ಬಿಯರ್‌ಗೆ ಹೀಗೆ ಮಾಡಿದ ಮೇಲೆ ‘ಲೈಟ್ ಆಯ್ತು’ ಅನ್ನಿಸಲು ಕಾರಣ ಒಳಗೆ ಸೇರಿದ ನೀರು ಮತ್ತು ಹೊರಗೆ ಹೋದ ಗ್ಯಾಸ್. ದುಡ್ಡು ಕೊಟ್ಟು ತಂದ ಬಿಯರ್‌ಗೆ ಕೈಯಾರೆ ನೀರು ಬೆರೆಸಿದಂತಾಯಿತು. ಮರುದಿನದ ತಲೆನೋವಿಗೆ ಗ್ಲಿಸರಿನ್ ಹೊಣೆಯಲ್ಲ, ಆ 41 ಗ್ರಾಂ ಹೊಣೆ.

ಬಾರ್ಲಿ ಮಾಲ್ಟ್, ಹಾಪ್ಸ್ ಎಂಬ ಕಹಿ ಹೂವು, ಯೀಸ್ಟ್, ನೀರು ಎಲ್ಲ ಬಿಯರ್‌ನಲ್ಲೂ ಇದ್ದದ್ದೇ. ನಮ್ಮ ಲಾಗರ್‌ಗಳಲ್ಲಿ, ಅಂದರೆ ಕಿಂಗ್‌ಫಿಷರ್‌ನಂಥ ಮಾಮೂಲಿ ಬಿಯರ್‌ಗಳಲ್ಲಿ, ಜೊತೆಗೆ ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆ ಸೇರುವುದು ಸಾಮಾನ್ಯ, ಬಡ್‌ವೈಸರ್‌ನಲ್ಲಿ ಅಕ್ಕಿ. ಸ್ಟ್ರಾಂಗಿಗೆ ಹುದುಗುವ ಸಕ್ಕರೆ ಹೆಚ್ಚು ಬೇಕು, ಅದು ಆಲ್ಕೋಹಾಲ್ ಆಗುವುದರಿಂದ ಗಂಟಲಲ್ಲಿ ಬಿಸಿ, ಹುದುಗದೆ ಉಳಿದದ್ದರಿಂದ ಬಾಯಲ್ಲಿ ಸಿಹಿ. ತಣ್ಣಗಿದ್ದಾಗ ಅದು ಅಡಗಿರುತ್ತದೆ. 650ರ ಕೊನೆಯ ಗ್ಲಾಸ್ ಕಡಲ ದಂಡೆಯಲ್ಲಿ ಬೆಚ್ಚಗಾಗುವ ಹೊತ್ತಿಗೆ ಅದೇ ಮುಂದೆ ಬರುತ್ತದೆ. ಪಿಂಟ್ ಅಷ್ಟು ಹೊತ್ತು ಉಳಿಯುವುದೇ ಇಲ್ಲ.

ಬೀರಾ ವೈಟ್‌ನಂಥ ಗೋಧಿ ಬಿಯರ್‌ನಲ್ಲಿ ಕಹಿ ಕಡಿಮೆ, ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯ ಪರಿಮಳ. ಮೊದಲ ಸಲ ಕುಡಿಯುವವರಿಗೆ ಒಳ್ಳೆಯದು. ರವೆ ಹಚ್ಚಿ ಕರಿದ ಬಂಗುಡೆಯ ಎಣ್ಣೆಗೆ ಮಾತ್ರ ನನಗೆ ಲಾಗರ್‌ನ ಕಹಿಯೇ ಬೇಕು.

ಹಸಿರು ಬಾಟಲಿಯದನ್ನು ಬಿಸಿಲಲ್ಲಿ ಇಡಬೇಡಿ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಕೊಳೆತಂಥ ಗಂಧಕದ ನಾತ ಹುಟ್ಟುತ್ತದೆ. ಕೆಲವೇ ನಿಮಿಷ ಸಾಕು. ಕಂದು ಗಾಜು ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ.

ಎಂಎಲ್ ಲೆಕ್ಕದಲ್ಲಿ ಪಿಂಟ್ ತುಸು ದುಬಾರಿ. ನಾಲ್ವರಿದ್ದರೆ 650ರ ಮೈಲ್ಡ್ ತರಿಸಿ, ತಂದ ತಕ್ಷಣ ಹಂಚಿಕೊಂಡುಬಿಡಿ. ಇಬ್ಬರಿಗಾದರೆ ಪಿಂಟ್. ದುಡ್ಡು ಕೊಡುವ ಮುನ್ನ ತಯಾರಿಕೆಯ ತಿಂಗಳು ನೋಡಿ. ಎರಡು ತಿಂಗಳೊಳಗಿನದಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು, ಐದು ದಾಟಿದ್ದರೆ ಫ್ರಿಜ್ಜಿನ ಹಿಂದಿನ ಸಾಲಿನಿಂದ ಬೇರೆ ಕೊಡಿ ಅನ್ನಿ.