ಪಡುವಣ ಜಗಲಿಗೆ 200 ಜಿಎಸ್‌ಎಂ ಟರ್ಪಾಲು: ಎರಡು ಮಳೆಗಾಲ ಕಂಡ ಮೇಲೆ

ನಮ್ಮ ಮನೆ ಮರವಂತೆಯಲ್ಲಿ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಇಲ್ಲಿ ಮಳೆ ಮೇಲಿಂದ ಬೀಳುವುದಕ್ಕಿಂತ ಅಡ್ಡಕ್ಕೆ ಹೊಡೆಯುವುದೇ ಜಾಸ್ತಿ. ಪಡುಗಾಳಿಗೆ ಎರಚಲು ನೇರ ಜಗಲಿಗೆ. ಕೆಂಪುಕಲ್ಲಿನ ಗೋಡೆ ಒಮ್ಮೆ ನೀರು ಕುಡಿದರೆ ನವರಾತ್ರಿ ತನಕ ತೇವ ಆರುವುದಿಲ್ಲ.

ಅಮ್ಮ ಮೇ ತಿಂಗಳಲ್ಲೇ ತೆಂಗಿನ ಮಡಲು ನೆನೆಹಾಕಿ, ನೇಯ್ದು, ಎರಚಲಿಗೆ ಅಡ್ಡವಾಗಿ ತಟ್ಟಿ ಕಟ್ಟಿಸುತ್ತಿದ್ದರು. ಈಗ ನೇಯುವವರು ಸಿಗುವುದಿಲ್ಲ. ನಾನು ಮೊದಲು ತಂದದ್ದು ತೆಳು ನೀಲಿ ಶೀಟು. ಆರಿದ್ರಾ ಮಳೆ ಮುಗಿಯುವ ಮೊದಲೇ ಚಿಂದಿಯಾಯಿತು.

ಆಮೇಲೆ ಕುಂದಾಪುರದಿಂದ 18 ಅಡಿ ಉದ್ದ, 12 ಅಡಿ ಅಗಲದ ಈ 200 ಜಿಎಸ್‌ಎಂ ಟರ್ಪಾಲು ತಂದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಈ ಅಳತೆಯದು ಸುಮಾರು 4 ಕಿಲೋ ತೂಗಬೇಕು. ಸುಮ್ನೆ ಪ್ಯಾಕೆಟ್ ಮೇಲಿನ ನಂಬರ್ ನಂಬಬೇಡಿ, ಅಂಗಡಿಯಲ್ಲೇ ತೂಗಿಸಿ ನೋಡಿ.

ಹಾಳೆ ನಿಜಕ್ಕೂ ಗಟ್ಟಿ. ಹಗ್ಗ ಕಟ್ಟಲು ಅಂಚಿನಲ್ಲಿ ಕೊಟ್ಟ ರಿಂಗುಗಳು ಮಾತ್ರ ಪ್ರಯೋಜನವಿಲ್ಲ. ಮೊದಲ ಗಾಳಿಗೇ ಮೂರು ಕಿತ್ತು ಬಂದವು. ರಾತ್ರಿಯಿಡೀ ಪಟಪಟ ಸದ್ದು, ಮಕ್ಕಳಿಗೆ ನಿದ್ದೆಯಿಲ್ಲ.

ಪಕ್ಕದ ಮನೆಯವರು ಗಂಗೊಳ್ಳಿಯಲ್ಲಿ ಮೀನುಗಾರಿಕೆ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ, ಹಾಗಾಗಿ ಮನೆಯಲ್ಲೇ ಇದ್ದರು. ಬೆಳಿಗ್ಗೆ ಬಂದು ನೋಡಿ, "ಅಕ್ಕ, ಬರೀ ರಿಂಗಿಗೆ ಕಟ್ಟಿರೆ ಹರ್ದ್ ಹೋತ್ತ್" ಅಂದರು. ನಿಂಬೆಹಣ್ಣಿನಷ್ಟು ದೊಡ್ಡ ನುಣುಪು ಕಲ್ಲೊಂದನ್ನು ಹಾಳೆಯ ಮೂಲೆಯಲ್ಲಿಟ್ಟರು. ಹಾಳೆಯನ್ನು ಅದರ ಸುತ್ತ ಮುದುಡಿ, ಕಲ್ಲಿನ ಕುತ್ತಿಗೆಗೆ ನೈಲಾನ್ ಹಗ್ಗ ಎರಡು ಸುತ್ತು ಬಿಗಿದರು. ಎಳೆದಷ್ಟೂ ಗಂಟು ಬಿಗಿ. ಆ ಗಂಟುಗಳಲ್ಲಿ ಒಂದೂ ಇವತ್ತಿನವರೆಗೆ ಜಾರಿಲ್ಲ. ಇನ್ನೊಂದು ಮಾತೂ ಹೇಳಿದರು: ಗೋಡೆಗೆ ಅಂಟಿಸಿ ಕಟ್ಟಬೇಡಿ. ಅಡಿಕೆ ದಬ್ಬೆ ಕೊಟ್ಟು ಒಂದು ಗೇಣು ದೂರ ಇಟ್ಟೆವು, ಕೆಳಗೂ ಒಂದು ಗೇಣು ಬಿಟ್ಟೆವು. ಗೋಡೆಗೆ ಬೂಸ್ಟು ಹಿಡಿಯಲಿಲ್ಲ.

ಕೊರತೆಯೂ ಇದೆ. ಜಗಲಿ ಕತ್ತಲಾಗುತ್ತದೆ, ಹಗಲಲ್ಲೂ ಲೈಟ್ ಬೇಕು. ಮಡಲಿನ ತಟ್ಟಿಯಲ್ಲಿ ಸಂದಿಯಿಂದ ಬೆಳಕು ಬರುತ್ತಿತ್ತು, ಅಲ್ವಾ? ಅದು ಇದರಲ್ಲಿಲ್ಲ. ಸಮುದ್ರದ ಕಡೆಯ ಬಣ್ಣವೂ ಮಾಸಿದೆ. ಆದರೆ ಎಲ್ಲೂ ತೂತಾಗಿಲ್ಲ. ಕಟ್ಟಿಗೆ ಕೊಟ್ಟಿಗೆಗೂ ಇಂಥದ್ದೇ ಇನ್ನೊಂದು ತರುತ್ತೇನೆ. ಕಲ್ಲುಗಳನ್ನು ಹೊಳೆಯಿಂದ ಈಗಲೇ ಹೆಕ್ಕಿ ಇಟ್ಟಾಗಿದೆ.