ರಾಣಿ ಲೋಕಮಹಾದೇವಿಯ ಜಾಡಿನಲ್ಲಿ: ಪಟ್ಟದಕಲ್ಲಿನ ಒಂದು ಗೈಡ್ ಸೇವೆ

ಬಾದಾಮಿಯಿಂದ ಪಟ್ಟದಕಲ್ಲಿಗೆ ಕರೆದೊಯ್ದು, ಚಾಲುಕ್ಯ ರಾಣಿಯರ ಚರಿತ್ರೆಯನ್ನೇ ಮುಖ್ಯವಾಗಿಟ್ಟುಕೊಂಡು ಅರ್ಧ ದಿನ ದೇವಾಲಯಗಳನ್ನು ತೋರಿಸುವ ಗೈಡ್ ಸೇವೆಯೊಂದನ್ನು ಈಚೆಗೆ ಮನೆಮಂದಿಯೆಲ್ಲ ಸೇರಿ ಬಳಸಿಕೊಂಡೆವು. ಗಾಡಿಯ ಬಾಡಿಗೆಯನ್ನೂ ಗೈಡಿನ ಶುಲ್ಕವನ್ನೂ ಮೊದಲೇ ತಿಳಿಸಿದ್ದರು; ಆಮೇಲೆ ಹೆಚ್ಚಿಗೆ ಏನೂ ಕೇಳಲಿಲ್ಲ.

ಈ ಸೇವೆಯ ಸತ್ವವೆಲ್ಲ ಇರುವುದು ವಿರೂಪಾಕ್ಷ ದೇವಾಲಯದ ಪೂರ್ವ ಮಹಾದ್ವಾರದಲ್ಲಿ. ಸಾಮಾನ್ಯವಾಗಿ ಜನ ಅಲ್ಲಿ ನಿಲ್ಲದೆ ನೇರವಾಗಿ ನಂದಿಯ ಮುಂದೆ ಫೋಟೊ ತೆಗೆಸಿಕೊಳ್ಳಲು ಹೋಗುತ್ತಾರೆ. ನಮ್ಮ ಜೊತೆ ಬಂದ ಹಿರಿಯರು ಮೊಬೈಲಿನ ಟಾರ್ಚನ್ನು ಕಲ್ಲಿಗೆ ಓರೆಯಾಗಿ ಹಿಡಿದು, ಸವೆದ ಅಕ್ಷರಗಳ ಅಂಚಿಗೆ ನೆರಳು ಬೀಳುವಂತೆ ಮಾಡಿ, ಶಾಸನದ ಸಾಲುಗಳನ್ನು ನಿಧಾನವಾಗಿ ಓದಿ ಹೇಳಿದರು. ಪಲ್ಲವರ ಕಂಚಿಯನ್ನು ಮೂರು ಸಲ ಗೆದ್ದ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನ ವಿಜಯದ ನೆನಪಿಗೆ, ಕ್ರಿ.ಶ. 740ರ ಸುಮಾರಿಗೆ, ಹೈಹಯ ವಂಶದಿಂದ ಬಂದ ಆತನ ರಾಣಿ ಲೋಕಮಹಾದೇವಿ ಕಟ್ಟಿಸಿದ ಈ ಗುಡಿಗೆ ಆಗ ಲೋಕೇಶ್ವರವೆಂದು ಹೆಸರು. ದೇವರಿಗೇ ತನ್ನ ಹೆಸರಿಟ್ಟ ರಾಣಿ ಈಕೆ. ಗುಡಿಯ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿಗೆ ಸಂದ ಗೌರವವೂ ಅಲ್ಲಿಯೇ ಕೆತ್ತಲ್ಪಟ್ಟಿದೆ. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು, ಮಾವ ವಿಜಯಾದಿತ್ಯ ಇಲ್ಲಿನ ಗಾಯಕರಿಗೆ ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳೆಂಬ ಶಾಸನ. ದೊರೆ ಕೊಟ್ಟ ಮಾತನ್ನು ತನ್ನ ಹೆಸರಿನಲ್ಲಿ ಮುಂದುವರಿಸುವ ಅಧಿಕಾರ ಬರಿಯ ಅಂತಃಪುರದ ಹೆಂಗಸಿಗೆ ಇರುವಂಥದಲ್ಲ ಎಂಬುದನ್ನು ಗೈಡ್ ಬಹಳ ಚೆನ್ನಾಗಿ ಬಿಡಿಸಿ ಹೇಳಿದರು.

ಕಂಚಿಯ ಕೈಲಾಸನಾಥ ದೇವಾಲಯಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ವಿವರಿಸಿದ್ದೂ ಸೊಗಸಾಗಿತ್ತು. ಅಲ್ಲಿಯದೇ ಸಂಗಮೇಶ್ವರ ದೇವಾಲಯವನ್ನು ಮಾತ್ರ ಅವಸರದಲ್ಲಿ ಮುಗಿಸಿದರು.

ಆದರೆ ಪಕ್ಕದ ಮಲ್ಲಿಕಾರ್ಜುನ ದೇವಾಲಯಕ್ಕೆ ಬರುತ್ತಲೇ ಅದೇ ಗೈಡ್ ಸವತಿ ಮತ್ಸರದ ಕಥೆ ಶುರು ಮಾಡಿದರು: ಅಕ್ಕ ಲೋಕಮಹಾದೇವಿ ಗುಡಿ ಕಟ್ಟಿಸಿದಳೆಂದು, ಅದೇ ದೊರೆಯ ಇನ್ನೊಬ್ಬ ರಾಣಿಯಾದ ತಂಗಿ ತ್ರೈಲೋಕ್ಯಮಹಾದೇವಿ ಹಟಕ್ಕೆ ಬಿದ್ದು ಇದನ್ನು ಕಟ್ಟಿಸಿದಳಂತೆ. ಇಬ್ಬರು ಹೆಂಗಸರ ಹೆಸರು ಒಟ್ಟಿಗೆ ಬಂದರೆ ನಡುವೆ ಜಗಳ ಹಚ್ಚದೆ ಬಿಡದ ಚಟ ನಮ್ಮ ಕಡೆ ಹಳೆಯದು. ಅದೇ ಆವರಣದಲ್ಲಿರುವ, ತ್ರೈಲೋಕ್ಯಮಹಾದೇವಿಯ ಮಗ ಇಮ್ಮಡಿ ಕೀರ್ತಿವರ್ಮನ ಕಾಲದ 754ರ ಸ್ತಂಭಶಾಸನ, ಸಂಸ್ಕೃತದ ಒಂದೇ ಪಾಠವನ್ನು ಉತ್ತರ ಭಾರತದ ಸಿದ್ಧಮಾತೃಕಾ ಮತ್ತು ಕನ್ನಡ ಲಿಪಿಗಳೆರಡರಲ್ಲೂ ಬರೆಸಿಕೊಂಡು, ಇಬ್ಬರು ರಾಣಿಯರ ಗುಡಿಗಳನ್ನೂ ಜೊತೆಜೊತೆಗೇ ಹೇಳುತ್ತದೆ. ಮಗನ ಆಳ್ವಿಕೆಯಲ್ಲಿಯೂ ದೊಡ್ಡಮ್ಮನ ಕೀರ್ತಿಗೆ ಕುಂದು ಬಂದಿಲ್ಲ. ಆ ಕಂಬದ ಮುಂದೆ ನಿಲ್ಲಿಸಬೇಕೆಂದು ನಾವೇ ಕೇಳಬೇಕಾಯಿತು. ಕೇಳಿದ ಮೇಲೆ ಬೇಸರಿಸದೆ, ಎರಡೂ ಲಿಪಿಗಳನ್ನು ತಾಳೆ ಹಾಕಿ ತೋರಿಸಿದರು.

ಐಹೊಳೆಯನ್ನೂ ಅದೇ ದಿನ ಸೇರಿಸುವ ಪ್ಯಾಕೇಜ್ ಇವರಲ್ಲಿದೆ, ಆದರೆ ಅದರಲ್ಲಿ ಪಟ್ಟದಕಲ್ಲಿಗೆ ಸಿಗುವ ಸಮಯ ಈ ಶಾಸನಗಳಿಗೆ ಸಾಲದು. ಅರ್ಧ ದಿನದ್ದನ್ನೇ ಆರಿಸಿಕೊಂಡು, ಮಹಾದ್ವಾರ ಮತ್ತು ಕೀರ್ತಿವರ್ಮನ ಕಂಬ ಎರಡನ್ನೂ ತೋರಿಸಬೇಕೆಂದು ಬುಕ್ ಮಾಡುವಾಗಲೇ ಹೇಳಿಬಿಡುವುದು ಒಳ್ಳೆಯದು.