ಎಂಜಲು ಪರೀಕ್ಷೆಯ ಹಸಿರು ಗುರುತನ್ನು ನಂಬಿ ಎದೆಯ ಗಂಟನ್ನು ಕಡೆಗಣಿಸಬೇಡಿ

ಅಂತರ್ಜಾಲದಲ್ಲಿ ಹಣ ಕಟ್ಟಿ ತರಿಸಿಕೊಂಡ ವಂಶವಾಹಿ ಪರೀಕ್ಷೆಯ ವರದಿಯೊಂದನ್ನು ನಂಬಿ, ನಮ್ಮ ಅತ್ತಿಗೆ ತಮ್ಮ ಎದೆಯಲ್ಲಿ ಕಾಣಿಸಿಕೊಂಡ ಗಂಟನ್ನು ತಿಂಗಳುಗಟ್ಟಲೆ ಯಾವ ವೈದ್ಯರಿಗೂ ತೋರಿಸಲಿಲ್ಲ. ಇಂಥ ಕಿಟ್‌ಗಳ ಜಾಹೀರಾತು ಈಗ ಹಾಸನದಲ್ಲಿ ನಮ್ಮ ಪರಿಚಯದವರ ಮೊಬೈಲುಗಳಿಗೂ ಬರುತ್ತಿರುವುದರಿಂದ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅತ್ತಿಗೆಯ ತವರು ಮೂಡಿಗೆರೆ ಕಡೆ. ಅವರ ತಾಯಿಯೂ ಚಿಕ್ಕಮ್ಮನೂ ಸ್ತನ ಕ್ಯಾನ್ಸರಿನಿಂದಲೇ ತೀರಿಕೊಂಡರು. ಆ ಭಯದಿಂದ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ ಅವರು, ಹಾಗೆ ಕಣ್ಣಿಗೆ ಬಿದ್ದ ಒಂದು ಜಾಲತಾಣದಿಂದ ಕಿಟ್ ತರಿಸಿ, ಕೊಳವೆಗೆ ಎಂಜಲು ತುಂಬಿ ಕೊರಿಯರ್ ಮಾಡಿದರು. ಅವರನ್ನು ದೂರುವಂಥದ್ದು ಇದರಲ್ಲಿ ಏನೂ ಇಲ್ಲ. ತಾಯಿಯನ್ನು ಹಾಗೆ ಕಳೆದುಕೊಂಡ ಮಗಳು ಮುಂಜಾಗ್ರತೆಗೆಂದು ಮಾಡಿದ ಕೆಲಸವದು.

ಬಂದ ವರದಿಯ ಮೊದಲ ಪುಟದಲ್ಲೇ, ದೊಡ್ಡ ಹಸಿರು ಗುರುತಿನ ಪಕ್ಕದಲ್ಲಿ, ಸ್ತನ ಕ್ಯಾನ್ಸರಿನ ಅಪಾಯ ಕಂಡುಬಂದಿಲ್ಲ ಎಂದು ಬರೆದಿತ್ತು. ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಎಂಬ, ಕೆಟ್ಟರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ವಂಶವಾಹಿಗಳಲ್ಲಿ ಆಯ್ದ ಮೂರು ರೂಪಾಂತರಗಳನ್ನು (ಬದಲಾವಣೆಗಳನ್ನು) ಮಾತ್ರ ನೋಡಲಾಗಿದೆ ಎಂಬ ಮಾತು ಇದ್ದದ್ದು ಕೊನೆಯ ಪುಟದ ಅಡಿಯಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರಗಳಲ್ಲಿ. ಆ ಮೂರು ರೂಪಾಂತರಗಳು ಹೆಚ್ಚಾಗಿ ಕಂಡುಬರುವುದು ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ. ಇವನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಗ್ರಾಹಕರಿಗೆ ನೇರವಾಗಿ ಮಾರಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಅನುಮತಿ ಕೊಟ್ಟಾಗಲೇ, ಈ ವಂಶವಾಹಿಗಳಲ್ಲಿ 1,000ಕ್ಕೂ ಹೆಚ್ಚು ರೂಪಾಂತರಗಳು ತಿಳಿದಿವೆಯೆಂದೂ, ಮೂರೂ ಇಲ್ಲವೆಂದಾಕ್ಷಣ ಅಪಾಯವಿಲ್ಲವೆಂದು ತಿಳಿಯಬಾರದೆಂದೂ ಸ್ಪಷ್ಟವಾಗಿ ಹೇಳಿತ್ತು. ಅಂಥ ಪರೀಕ್ಷೆಯ ಬಲದ ಮೇಲೆ ಮಲೆನಾಡಿನ ಹೆಣ್ಣುಮಗಳೊಬ್ಬಳಿಗೆ ಹಸಿರು ಗುರುತು ಕೊಡುವುದು, ಒಂದು ಕಿಟಕಿಯ ಚಿಲಕ ಮುಟ್ಟಿ ನೋಡಿ ಇಡೀ ಮನೆ ಭದ್ರವಾಗಿದೆ ಎಂದು ಹೇಳಿದಂತೆ.

ಇನ್ನೂ ಮುಖ್ಯವಾದ ಮಾತೊಂದಿದೆ. ಸ್ತನ ಕ್ಯಾನ್ಸರುಗಳಲ್ಲಿ ವಂಶವಾಹಿಯ ಮೂಲಕ ಬರುವಂಥವು ಶೇಕಡಾ 5ರಿಂದ 10ರಷ್ಟು ಮಾತ್ರ. ಆದ್ದರಿಂದ ಎಷ್ಟೇ ಪೂರ್ಣವಾದ ವಂಶವಾಹಿ ಪರೀಕ್ಷೆಯಾದರೂ, ಕೈಗೆ ಸಿಗುತ್ತಿರುವ ಗಂಟು ಏನೆಂದು ಅದು ಹೇಳಲಾರದು. ಅದನ್ನು ವೈದ್ಯರು ಮುಟ್ಟಿ ನೋಡಬೇಕು, ಮ್ಯಾಮೋಗ್ರಾಮ್ (ಸ್ತನದ ಎಕ್ಸ್-ರೇ) ಅಥವಾ ಅಲ್ಟ್ರಾಸೌಂಡ್ ಆಗಬೇಕು, ಅಗತ್ಯ ಬಿದ್ದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಬೇಕು. ಗಂಟಿನ ವಿಷಯ ತಿಳಿದ ದಿನ ನಮ್ಮಣ್ಣ ಆಸ್ಪತ್ರೆಗೆ ಹೊರಡೋಣವೆಂದರೆ, "ರಿಪೋರ್ಟಿನಲ್ಲಿ ಏನೂ ಇಲ್ಲ ಅಂತ ಬಂದಿದೆಯಲ್ಲ ರೀ" ಎಂದು ಅತ್ತಿಗೆ ಆ ಹಸಿರು ಗುರುತನ್ನೇ ತೋರಿಸಿದ್ದರು.

ಅದೇ ವರದಿಯಲ್ಲಿ ಕೆಂಪು ಗುರುತೂ ಒಂದಿತ್ತು. ಎಂಟಿಎಚ್‌ಎಫ್‌ಆರ್ ವಂಶವಾಹಿಯಲ್ಲಿ ದೋಷವಿದೆ, ನಿಮ್ಮ ದೇಹ ಫೋಲಿಕ್ ಆಮ್ಲವೆಂಬ ಬಿ ಜೀವಸತ್ವವನ್ನು ಬಳಸಿಕೊಳ್ಳಲಾರದು ಎಂದು ಹೆದರಿಸಿ, ಅಲ್ಲೇ ಕೆಳಗೆ ತಮ್ಮದೇ ಮಾತ್ರೆಗಳ ಡಬ್ಬಿಯನ್ನು ಮಾರಾಟಕ್ಕೆ ಇಟ್ಟಿದ್ದರು. ಈ ರೂಪಾಂತರಗಳು ಬಹಳ ಸಾಮಾನ್ಯ. ಇವು ಇರುವವರ ದೇಹವೂ ಫೋಲಿಕ್ ಆಮ್ಲವನ್ನು ಬಳಸಿಕೊಳ್ಳುತ್ತದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಹೇಳುತ್ತದೆ. ನಿಜವಾದ ಅಪಾಯಕ್ಕೆ ಹಸಿರು, ಅಪಾಯವೇ ಅಲ್ಲದ್ದಕ್ಕೆ ಕೆಂಪು! ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಆ ಜಾಲತಾಣದ ಅಡಿಯಲ್ಲಿ, ಆರೋಗ್ಯ ತಾಣಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತಿದ್ದ ಜಿನೀವಾದ ಹೆಲ್ತ್ ಆನ್ ದ ನೆಟ್ ಸಂಸ್ಥೆಯ ಮಾನ್ಯತಾ ಮುದ್ರೆ ಇದ್ದದ್ದು ಅತ್ತಿಗೆಗೆ ಧೈರ್ಯ ಕೊಟ್ಟಿತ್ತಂತೆ. ಒಂದು ಕಾಲಕ್ಕೆ ಆ ಮುದ್ರೆಗೆ ಬೆಲೆಯಿತ್ತು, ಆದರೆ ಸಂಸ್ಥೆ 2022ರ ಕೊನೆಯಲ್ಲಿ ಆ ಕೆಲಸವನ್ನೇ ನಿಲ್ಲಿಸಿದೆ. ಈಗ ಯಾವ ತಾಣದಲ್ಲಿ ಅದು ಕಂಡರೂ ಅದನ್ನು ಪರಿಶೀಲಿಸುವವರು ಯಾರೂ ಇಲ್ಲ.

ಗಂಟು ದೊಡ್ಡದಾದ ಮೇಲೆ ಅತ್ತಿಗೆ ಹಾಸನದಲ್ಲಿ ತೋರಿಸಿದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಕಂಕುಳಿನ ಗ್ರಂಥಿಗೂ ಹರಡಿತ್ತು. ಆಮೇಲೆ ವೈದ್ಯರೇ ಬರೆದುಕೊಟ್ಟು ಮಾಡಿಸಿದ ರಕ್ತಪರೀಕ್ಷೆಯಲ್ಲಿ, ಎರಡೂ ವಂಶವಾಹಿಗಳನ್ನು ಪೂರ್ತಿಯಾಗಿ ಓದಿದಾಗ, ಕಿಟ್ಟಿನವರು ನೋಡಿಯೇ ಇರದ ಬಿಆರ್‌ಸಿಎ2 ರೂಪಾಂತರವೊಂದು ಸಿಕ್ಕಿತು. ಚಿಕಿತ್ಸೆ ಈಗ ಬೆಂಗಳೂರಿನಲ್ಲಿ ನಡೆಯುತ್ತಿದೆ. ತಾಯಿಯಿಂದಾಗಲಿ ತಂದೆಯಿಂದಾಗಲಿ ಇಂಥ ರೂಪಾಂತರ ಮಕ್ಕಳಿಗೆ ಬರುವ ಸಾಧ್ಯತೆ ಶೇಕಡಾ 50 ಇರುವುದರಿಂದ, ಮೂಡಿಗೆರೆಯಲ್ಲಿರುವ ಅವರ ತಂಗಿಯೂ ವಂಶವಾಹಿ ಸಲಹೆಗಾರರನ್ನು ಕಂಡು ಮಾತನಾಡಿದ ಮೇಲೆಯೇ ರಕ್ತ ಕೊಟ್ಟಿದ್ದಾರೆ.

ಓದಲೇಬೇಕೆನ್ನುವವರು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್ ಎಂಬ ಆರೋಗ್ಯ ಮಾಹಿತಿಯ ತಾಣ ನೋಡಬಹುದು. ಅಲ್ಲಿ ಯಾರೂ ಏನನ್ನೂ ಮಾರುವುದಿಲ್ಲ. ಇಂಥ ಕಿಟ್ಟಿನ ವರದಿ ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ, ಯಾವ ವಂಶವಾಹಿಯ ಎಷ್ಟು ರೂಪಾಂತರಗಳನ್ನು ನೋಡಿದ್ದಾರೆ ಎಂಬುದನ್ನು ಅದರ ಕೊನೆಯ ಪುಟದಲ್ಲಿ ಹುಡುಕಿ, ಆ ಪುಟದ ಸಮೇತ ವೈದ್ಯರಿಗೆ ತೋರಿಸಿ. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ದರೆ ವರದಿಯನ್ನು ಬದಿಗಿಟ್ಟು ಈ ವಾರವೇ ಆಸ್ಪತ್ರೆಗೆ ಹೋಗಿ.